ಎಮ್ಮೆ ಒಂದೇ ಅಲ್ವಾ?

ಆ ಮಧ್ಯಾಹ್ನ ಫೋನಿನಲ್ಲಿ ನಾನು ಏನು ಹೇಳಿದೆ ಎಂಬುದು ನನಗೆ ಖಚಿತವಿಲ್ಲ. "ಹೂಂ" ಎಂದೆ ಅಂತ ನೆನಪು. ಆದರೆ ಈ ನೆನಪನ್ನು ಎಷ್ಟು ಸಲ ಹೊರಗೆ ತೆಗೆದು ನೋಡಿ ಒಳಗಿಟ್ಟಿದ್ದೇನೆಂದರೆ, ಅದರಲ್ಲಿ ಆ ಮಧ್ಯಾಹ್ನದ್ದು ಎಷ್ಟು, ಆಮೇಲೆ ನನ್ನ ಬೆರಳು ತಾಗಿ ಆದ ಕಲೆ ಎಷ್ಟು ಎಂದು ಈಗ ಬೇರ್ಪಡಿಸಲಾರೆ. ಕೆಂಗೇರಿಯ ಆ ಬಾಲ್ಕನಿಯಲ್ಲಿ ನಿಂತು ಮಾತಾಡುವಾಗ ಮುಖಕ್ಕೆ ಬಿಸಿಲು ಹೊಡೆಯುತ್ತಿತ್ತು ಎಂದು ಚೆನ್ನಾಗಿ ನೆನಪಿದೆ. ಆಮೇಲೊಮ್ಮೆ ಹೋಗಿ ನೋಡಿದರೆ ಆ ಬಾಲ್ಕನಿ ಪೂರ್ವಕ್ಕಿದೆ. ಮಧ್ಯಾಹ್ನ ಅಲ್ಲಿ ಬಿಸಿಲು ಬೀಳುವುದೇ ಇಲ್ಲ. ರಸಾಯನಶಾಸ್ತ್ರದ ಎಂ.ಎಸ್ಸಿ.ಯಲ್ಲಿ ನಮಗೆ ಮೊದಲು ಕಲಿಸಿದ್ದೇ ಇದು: ಪ್ರಯೋಗ ನಡೆಯುತ್ತಿರುವಾಗಲೇ ಬರೆದಿಟ್ಟುಕೊಳ್ಳಿ, ಊಟ ಮಾಡಿ ಬಂದು ಬರೆದದ್ದನ್ನು ನಂಬಬೇಡಿ. ನಾನು ಬರೆದಿಟ್ಟುಕೊಂಡಿರಲಿಲ್ಲ.

ಬಸವೇಶ್ವರನಗರದಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ನನ್ನ ಮುದ್ರಣದ ಕೋಣೆ ಇದೆ. ಛಾಯಾಗ್ರಾಹಕರಿಗೆ ಪ್ರದರ್ಶನಕ್ಕೆಂದು ದೊಡ್ಡ ಪ್ರಿಂಟ್‌ಗಳನ್ನು ತೆಗೆದುಕೊಡುತ್ತೇನೆ. ನನ್ನ ಇಂಕ್‌ಜೆಟ್ ಯಂತ್ರದಲ್ಲಿ ಬಣ್ಣಗಳಲ್ಲದೆ ನಾಲ್ಕು ಕಪ್ಪು ಶಾಯಿಗಳಿವೆ. ಇದನ್ನು ಕೇಳಿದವರೆಲ್ಲ ನಗುತ್ತಾರೆ, ಕಪ್ಪು ಎಷ್ಟಾದರೂ ಕಪ್ಪೇ ತಾನೆ ಎಂದು. ಅಲ್ಲ. ಒಂದೇ ಕಪ್ಪು ಇರುವ ಯಂತ್ರಕ್ಕೆ ತೆಳು ಬೂದು ಬೇಕೆಂದರೆ ಅದು ಕಪ್ಪು ಚುಕ್ಕಿಗಳನ್ನು ದೂರ ದೂರ ಉದುರಿಸುತ್ತದೆ. ಮಗುವಿನ ಕೆನ್ನೆಯ ಮೇಲೆ ಮೆಣಸಿನ ಪುಡಿ ಚೆಲ್ಲಿದ ಹಾಗೆ ಕಾಣುತ್ತದೆ. ಅದನ್ನು ಮುಚ್ಚಲು ನೀಲಿ, ಕೆಂಪು, ಹಳದಿ ಬೆರೆಸುತ್ತದೆ. ಆಗ ಅದೇ ಬೂದು ಟ್ಯೂಬ್‌ಲೈಟಿನಲ್ಲಿ ಹಸಿರು, ಕಿಟಕಿಯ ಹತ್ತಿರ ತಂದರೆ ಗುಲಾಬಿ. ಹಾಗಾಗಿ ಒಳ್ಳೆಯ ಯಂತ್ರಗಳಲ್ಲಿ ಪೂರ್ಣ ಕಪ್ಪಿನ ಜೊತೆಗೆ ಅದನ್ನೇ ತೆಳುಮಾಡಿದ ಒಂದು ಬೂದು, ಇನ್ನೂ ತೆಳುಮಾಡಿದ ಮತ್ತೊಂದು ಬೂದು ಇರುತ್ತವೆ.

ಪೂರ್ಣ ಕಪ್ಪಿನಲ್ಲಿಯೂ ಎರಡು ಬಗೆ. ಹೊಳಪಿನ ಕಾಗದಕ್ಕೆ ಫೋಟೊ ಬ್ಲ್ಯಾಕ್, ಹೊಳಪಿಲ್ಲದ ಹತ್ತಿ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್. ನನ್ನ ಯಂತ್ರದಲ್ಲಿ ಎರಡಕ್ಕೂ ಒಂದೇ ಕೊಳವೆ; ಒಂದು ಸಲಕ್ಕೆ ಒಂದು. ಹತ್ತಿ ಕಾಗದದ ಮೇಲೆ ತಪ್ಪಿ ಫೋಟೊ ಬ್ಲ್ಯಾಕ್ ಹಾಕಿದರೆ ಅದು ನಾರಿನೊಳಗೆ ಇಳಿದುಹೋಗಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿದ ಸ್ಲೇಟಿನ ಬಣ್ಣ ಬರುತ್ತದೆ. ಚಿತ್ರವೇನೋ ಇರುತ್ತದೆ, ಕಪ್ಪು ಮಾತ್ರ ಇರುವುದಿಲ್ಲ.

ಕೆಲಸ ಕೊಟ್ಟವರು ಕೆಂಗೇರಿ ಉಪನಗರದಲ್ಲಿರುವ ಒಬ್ಬ ಛಾಯಾಗ್ರಾಹಕಿ. ಎಲ್ಲರೂ ಕರೆಯುವಂತೆ ನಾನೂ ಮೇಡಂ ಎನ್ನುತ್ತಿದ್ದೆ. ದಾವಣಗೆರೆ ಕಡೆಯವರು, ಬೆಂಗಳೂರಿಗೆ ಬಂದು ಎಷ್ಟು ವರ್ಷವಾದರೂ ಮಾತು ಬದಲಾಗಿಲ್ಲ. ಮೈಸೂರು ರಸ್ತೆಯ ಪಕ್ಕದಲ್ಲಿ ಹರಿಯುವ ವೃಷಭಾವತಿಯ ಕಪ್ಪು ನೀರನ್ನು ವರ್ಷಗಟ್ಟಲೆ ಕಪ್ಪು ಬಿಳುಪಿನಲ್ಲಿ ತೆಗೆದಿದ್ದರು. ಮೂವತ್ತು ಚಿತ್ರಗಳ ಪ್ರದರ್ಶನ ಮಾಡಬೇಕಿತ್ತು. ಅವುಗಳಲ್ಲಿ ಒಂದನ್ನು ಪರೀಕ್ಷೆಗೆಂದು ಕಳಿಸಿದರು: ಮೋಡದ ದಿನ, ಕಪ್ಪು ನೀರಿನಲ್ಲಿ ತಲೆ, ಬೆನ್ನು ಮಾತ್ರ ಕಾಣುವಂತೆ ಮುಳುಗಿ ನಿಂತ ಕಪ್ಪು ಎಮ್ಮೆ. ಬಿಳಿ ಎಂದರೆ ದೂರದ ನೊರೆ ಮಾತ್ರ.

"ಈ ಎಮ್ಮೆ ನೀರಿನಿಂದ ಬ್ಯಾರೆ ಕಾಣ್ಬೇಕು, ಆದ್ರ ಎದ್ದು ಕಾಣಬಾರದು. ಮಾಡಿ ತೋರಸ್ರಿ, ಆಮೇಲೆ ಮಾತಾಡೋಣ" ಎಂದರು.

ಮಾಡಿಕೊಂಡು, ಕೊಳವೆಯಲ್ಲಿ ಸುತ್ತಿ, ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ಅವರ ಹಾಲಿನ ಗೋಡೆಯ ಮೇಲೆ ಆಗಲೇ ಇನ್ನೊಂದು ಎಮ್ಮೆ ಇತ್ತು.

ಅದನ್ನು ಮಾಡಿದವರು ಮಾರೇನಹಳ್ಳಿಯ ಇನ್ನೊಬ್ಬ ಮುದ್ರಕರು. ಅವರು ಆಗ ಅಲ್ಲೇ, ಕುರ್ಚಿಯ ತುದಿಯಲ್ಲಿ ಕೂತು ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಫಿಲ್ಮಿನ ಕಾಲದಲ್ಲಿ ಡಾರ್ಕ್‌ರೂಮಿನಲ್ಲಿ ಕೈಯಿಂದ ಪ್ರಿಂಟ್ ತೆಗೆಯುತ್ತಿದ್ದವರು. ಆ ಕೆಲಸ ನಿಂತಮೇಲೆ ಯಾರೋ ಬಿಸಾಡಿದ ಹಳೆಯ ಇಂಕ್‌ಜೆಟ್ ಯಂತ್ರ ತಂದು, ಅದರ ಬಣ್ಣಗಳನ್ನೆಲ್ಲ ತೊಳೆದು, ಆರೂ ಪಾತ್ರೆಗಳಿಗೆ ತಾವೇ ಕದಡಿದ ಕಪ್ಪುಗಳನ್ನು ತುಂಬಿಸಿದ್ದರು. ಇದನ್ನೆಲ್ಲ ಅವರು ಐದು ನಿಮಿಷದಲ್ಲಿ ಹೇಳಿಬಿಟ್ಟರು, ಏನೂ ಮುಚ್ಚಿಡದೆ. ಅದೂ ನನಗೆ ಹಿಡಿಸಲಿಲ್ಲ.

ಮೇಡಂ ಎರಡೂ ಪ್ರಿಂಟ್‌ಗಳನ್ನು ಪಕ್ಕಪಕ್ಕ ನಿಲ್ಲಿಸಿ ಬಹಳ ಹೊತ್ತು ನೋಡಿದರು. "ನಿಮ್ಮದ್ರಾಗ ಎಮ್ಮೆ ಐತ್ರಿ" ಎಂದರು ನನಗೆ. ಆಮೇಲೆ ಅವರ ಕಡೆ ತಿರುಗಿ, "ಗುರುಗಳ, ನಿಮ್ಮದ್ರಾಗ ಎಮ್ಮೆ ಒದ್ದೆ ಆಗೈತಿ" ಎಂದರು.

ನಾನು ಚೀಲದಿಂದ ಅಳತೆಯ ಮೀಟರ್ ತೆಗೆದೆ. ಕಾಗದದ ಮೇಲಿನ ಕಪ್ಪು ಎಷ್ಟು ಗಾಢವಾಗಿದೆ ಎಂದು ಅಂಕಿಯಲ್ಲಿ ತೋರಿಸುವ ಸಾಧನ. ನನ್ನ ಕಪ್ಪು ಅವರದಕ್ಕಿಂತ ಗಾಢವಾಗಿತ್ತು, ಅಳೆದು ತೋರಿಸಿದೆ.

"ಹಂಗಾರ ಪ್ರದರ್ಶನಕ್ಕ ಮೀಟ್ರನ್ನ ಕರೀರಿ" ಎಂದು ಮೇಡಂ ನಕ್ಕರು. ಮಾರೇನಹಳ್ಳಿಯವರು ನಗಲಿಲ್ಲ. ತಟ್ಟೆ ಕೆಳಗಿಟ್ಟು, ಕೈ ಒರೆಸಿಕೊಂಡು, ಮೀಟರನ್ನು ಕೈಗೆ ತಗೊಂಡು, "ಎಂಥಾ ಸಾಮಾನು ಸಾರ್ ಇದು" ಎಂದರು, ನಿಜವಾಗಿಯೂ ಆಸೆಯಿಂದ. ಅವರ ಹೆಬ್ಬೆರಳಿನ ಉಗುರಿನ ಸುತ್ತ ಕಪ್ಪು ಕೂತಿತ್ತು. ಆ ಉಗುರನ್ನು ನೋಡಿ ನನಗಾದದ್ದಕ್ಕೆ ಹೊಟ್ಟೆಕಿಚ್ಚು ಎಂಬ ಹೆಸರು ಕೊಡಲು ನನಗೆ ಎರಡು ವಾರ ಬೇಕಾಯಿತು. ಆಗ ಅದನ್ನು ವೈಜ್ಞಾನಿಕ ಆಕ್ಷೇಪ ಎಂದುಕೊಂಡಿದ್ದೆ.

ಮೇಡಂ ಕೆಲಸವನ್ನು ಹಂಚಿದರು. ನೊರೆ, ಆಕಾಶ, ಸೇತುವೆ ಇರುವ ಹದಿನೇಳು ಬೆಳಕಿನ ಚಿತ್ರಗಳು ನನಗೆ. ಕತ್ತಲಿನ ಹದಿಮೂರು ಅವರಿಗೆ, ಎಮ್ಮೆಯೂ ಸೇರಿ. ಎರಡೂ ಒಂದೇ ಗೋಡೆಗೆ ಬರುವುದರಿಂದ ಹೊಂದಬೇಕು, ನೀವಿಬ್ಬರೂ ಕೂಡಿ ಮಾಡಿ ಎಂದರು. ಕಾಗದ ಮೇಡಂ ಇಟ್ಟುಕೊಂಡಿದ್ದ ಹಳೆಯ ದಾಸ್ತಾನು, ಎರಡೂ ಬದಿಗೆ ಲೇಪವಿರುವ ದಪ್ಪ ಹತ್ತಿ ಕಾಗದ. ಈಗ ಆ ಕಾಗದ ತಯಾರಾಗುತ್ತಿಲ್ಲ. ಇದ್ದದ್ದು ಮೂವತ್ತೆರಡು ಹಾಳೆ, ಎಲ್ಲವನ್ನೂ ನನ್ನ ಕೈಗೆ ಕೊಟ್ಟರು. ಮೂವತ್ತು ಚಿತ್ರ, ಎರಡು ಹಾಳೆಯಷ್ಟೇ ತಪ್ಪಿಗೆ ಅವಕಾಶ.

ಹೊಂದಿಸಲೆಂದು ಮಾರೇನಹಳ್ಳಿಗೆ ಹೋದೆ. ಹಣ್ಣಿನ ಅಂಗಡಿಯ ಹಿಂದಿನ ಒಂದು ಕೋಣೆ. ಗೋಡೆಗೆ ಒರಗಿಸಿದ ಕಪಾಟಿನಲ್ಲಿ ಆರು ಬಾಟಲಿ, ಪ್ರತಿಯೊಂದರ ಮೇಲೂ ಬಿಳಿ ಪಟ್ಟಿ, ಪಟ್ಟಿಯ ಮೇಲೆ ಕೈಬರಹ: ಮಸಿ, ಇದ್ದಿಲು, ಹೊಗೆ, ಬೂದಿ, ಮಂಜು, ಉಸಿರು. ಮಸಿ ಪೂರ್ಣ ಕಪ್ಪು. ಅಲ್ಲಿಂದ ಒಂದೊಂದು ಬಾಟಲಿಗೂ ತೆಳುವಾಗುತ್ತ ಉಸಿರಿನಲ್ಲಿ ಕಪ್ಪು ಇದೆಯೋ ಇಲ್ಲವೋ ಎನ್ನುವಷ್ಟು. ನಮ್ಮ ಭಾಷೆಯಲ್ಲಿ ಮಸಿ ಎಂದರೆ ಶಾಯಿಯೂ ಹೌದು, ದೀಪದ ಕಪ್ಪೂ ಹೌದು. ಅವರ ಶಾಯಿಯ ಕಣಗಳು ನಿಜಕ್ಕೂ ದೀಪದ ಕಪ್ಪೇ, ಶುದ್ಧ ಇಂಗಾಲ. ನನ್ನ ಯಂತ್ರದಲ್ಲಿ ಕಪ್ಪು ಶಾಯಿಗಳ ಮೇಲೆ ಎರಡು ಮೂರು ಇಂಗ್ಲಿಷ್ ಅಕ್ಷರ ಮುದ್ರಿಸಿರುತ್ತದೆ. ಎಂಟು ವರ್ಷ ಆ ಅಕ್ಷರಗಳನ್ನು ನೋಡಿದ್ದೇನೆ, ಒಂದಕ್ಕೂ ಹೆಸರಿಡಬೇಕೆಂದು ನನಗೆ ಹೊಳೆದಿರಲಿಲ್ಲ.

"ಹೆಸರು ಯಾಕೆ?" ಎಂದೆ.

"ಕೈ ತಪ್ಪಬಾರ್ದಲ್ಲ ಸಾರ್. ನಂಬರ್ ಹಾಕಿದ್ರೆ ಮರ್ತ್ ಹೋಗುತ್ತೆ. ಹೊಗೆ ಅಂದ್ರೆ ಯಾರಾದ್ರೂ ಮರೀತಾರಾ?"

ಈ ಮಾತು ಅವರು ಆವತ್ತು ಹೇಳಿದರೋ, ಅಥವಾ ಆಮೇಲೆ ಆದದ್ದಕ್ಕೆ ಹೊಂದುತ್ತದೆ ಎಂದು ನಾನೇ ಅವರ ಬಾಯಲ್ಲಿ ಇಟ್ಟಿದ್ದೇನೋ ತಿಳಿಯದು. ಬಾಟಲಿಗಳ ಹೆಸರು ಮಾತ್ರ ನಿಜ, ನನ್ನ ಬಳಿ ಫೋಟೊ ಇದೆ.

ಒಂದು ವಾರದ ನಂತರ ಅವರ ಫೋನು ಬಂತು. ಯಂತ್ರ ಗೆರೆ ಗೆರೆ ಹೊಡೆಯುತ್ತಿದೆ, ಶಾಯಿ ಚಿಮ್ಮುವ ಮೂತಿ ಕಟ್ಟಿಕೊಂಡಿದೆ, ನೀವು ಓದಿದವರು ಒಂದು ಸಲ ನೋಡಿ ಎಂದರು. ಹೋದೆ. ಹೊಸದಾಗಿ ಬೆರೆಸಿದ 'ಹೊಗೆ'ಯ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರೆ ತಳದಲ್ಲಿ ಕಾಫಿ ಚರಟದ ಹಾಗೆ ಕಪ್ಪು ಕೂತಿತ್ತು.

"ನೀರು ಎಲ್ಲೀದು ಹಾಕಿದ್ರಿ?"

"ಬ್ಯಾಟರಿ ಅಂಗಡಿ ಡಿಸ್ಟಿಲ್ಡ್ ವಾಟರ್ರೇ ಸಾರ್ ಯಾವಾಗ್ಲೂ. ಈ ಸಲ ಅವ್ನು ಊರಿಗೆ ಹೋಗಿದ್ದ. ಮನೆ ಫಿಲ್ಟರ್ ನೀರು ಹಾಕ್ದೆ. ಕುಡಿಯೋ ನೀರು ತಾನೆ?"

ನೀರಿನಲ್ಲಿ ತೇಲುವ ಸಣ್ಣ ಕಣಗಳ ಮೇಲೆಯೇ ನನ್ನ ಎಂ.ಎಸ್ಸಿ. ಪ್ರಬಂಧ. ಇಂಗಾಲದ ಕಣಗಳು ಒಂದನ್ನೊಂದು ದೂರ ತಳ್ಳುತ್ತಿರುವವರೆಗೆ ಶಾಯಿ ಶಾಯಿಯಾಗಿರುತ್ತದೆ. ಗಡಸು ನೀರಿನ ಸುಣ್ಣದ ಅಂಶ ಸ್ವಲ್ಪ ಸೇರಿದರೂ ಆ ತಳ್ಳಾಟ ನಿಂತು ಕಣಗಳು ಗುಂಪುಗೂಡುತ್ತವೆ, ತಳಕ್ಕೆ ಕೂರುತ್ತವೆ. ಬೋರ್‌ವೆಲ್ ನೀರಾದರೆ ಮನೆಯ ಫಿಲ್ಟರು ಅಷ್ಟನ್ನೂ ತೆಗೆಯುವುದಿಲ್ಲ. ಬಾಟಲಿ ನೋಡಿದ ಕೂಡಲೇ ಇದು ನನಗೆ ತಿಳಿಯಿತು.

"ಹಳೇ ಮಷೀನು, ಮೂತಿ ಇರೋ ಹೆಡ್ಡೇ ಹೋಗಿರ್ಬೇಕು" ಎಂದೆ. ಈ ಮಾತಿನ ಬಗ್ಗೆ ನನಗೆ ಅನುಮಾನವಿಲ್ಲ. ಹಾಗೆ ಹೇಳಿದೆ.

ಅವರು ಯಂತ್ರದ ಮುಚ್ಚಳ ಮುಚ್ಚಿದರು. ಆಮೇಲೆ, "ನಿಮ್ ಮಷೀನಲ್ಲಿ ನಂದೂ ಹಾಕ್ಬಹುದಾ ಸಾರ್?" ಎಂದು ಕೇಳಿದರು. ಬನ್ನಿ ಎಂದೆ. ನನ್ನ ಯಂತ್ರದಲ್ಲಿ ಆ ಎಮ್ಮೆ ಒದ್ದೆಯಾಗುವುದಿಲ್ಲ ಎಂಬುದು ನನಗಾಗಲೇ ಗೊತ್ತಿತ್ತು. ಈಗ ಅವರ ಕೈಯಲ್ಲೂ ಆಗುವುದಿಲ್ಲ.

ಮರುದಿನ ಬೆಳಿಗ್ಗೆ ಬಂದರು. ಯಂತ್ರದಲ್ಲಿ ಎರಡು ಸೆಟ್ಟಿಂಗುಗಳನ್ನು ನಾನು ಉಳಿಸಿಟ್ಟಿದ್ದೆ: ಎಮ್ಮೆ-೧, ಎಮ್ಮೆ-೨. ಮೊದಲನೆಯದು ನಾನೇ ಕುತೂಹಲಕ್ಕೆ ಹೊಳಪಿನ ಕಾಗದದ ಮೇಲೆ ಪ್ರಯತ್ನಿಸಿದಾಗಿನದು, ಫೋಟೊ ಬ್ಲ್ಯಾಕ್. ಎರಡನೆಯದು ಹತ್ತಿ ಕಾಗದಕ್ಕೆ, ಮ್ಯಾಟ್ ಬ್ಲ್ಯಾಕ್. ಯಾವುದನ್ನು ಒತ್ತುತ್ತೀರೋ ಯಂತ್ರ ಆ ಕಪ್ಪನ್ನು ತಾನೇ ಕೊಳವೆಗೆ ತಂದುಕೊಳ್ಳುತ್ತದೆ. ಇದನ್ನೆಲ್ಲ ಅವರಿಗೆ ತೋರಿಸಿದೆ. ಎರಡನ್ನೂ ತೋರಿಸಿದೆನೋ, ಎರಡನೆಯದನ್ನು ಮಾತ್ರವೋ ನೆನಪಿಲ್ಲ. ಅವರು ತಲೆ ಆಡಿಸಿದ್ದು ನೆನಪಿದೆ. ಪೆನ್‌ಡ್ರೈವಿನಿಂದ ಮೊದಲ ಐದು ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿಕೊಂಡರು. ನಾನು ಕೀಲಿ ಅವರ ಕೈಗೆ ಕೊಟ್ಟು, ನನ್ನ ಮುಗಿದ ಪ್ರಿಂಟ್‌ಗಳನ್ನು ತಗೊಂಡು ಕೆಂಗೇರಿಗೆ ಹೊರಟೆ.

ಪ್ರಿಂಟ್ ತಲುಪಿಸುವುದು ನೆಪ. ಮೂವತ್ತೂ ಒಬ್ಬನ ಯಂತ್ರದಿಂದಲೇ ಬರಲಿ, ಒಬ್ಬನ ಕೈಯಿಂದಲೇ ಬರಲಿ ಎಂದು ಮೇಡಂಗೆ ಹೇಳುವುದು ಉದ್ದೇಶ. ಹೇಳುತ್ತಲೂ ಇದ್ದೆ. ಅವರು ನನ್ನ ನೊರೆಯ ಚಿತ್ರವನ್ನು ಕಿಟಕಿಗೆ ಹಿಡಿದು, "ಛಲೋ ಬಂದಾವ ನಿಮ್ಮವು. ಆದ್ರ ಅವರ ಕತ್ತಲಿ ಅವರಿಗೇ ಇರ್ಲಿ ಬಿಡ್ರಿ" ಎಂದರು. ಆಗ ಮಾರೇನಹಳ್ಳಿಯವರ ಫೋನು ಬಂತು. ಬಾಲ್ಕನಿಗೆ ಹೋಗಿ ಎತ್ತಿದೆ.

"ಸಾರ್, ಪೇಪರ್ ಹಾಕಿದೀನಿ. ಎಮ್ಮೆ ಒಂದೇ ಅಲ್ವಾ ಸಾರ್?"

"ಹೂಂ" ಎಂದೆ.

ನನ್ನ ನೆನಪಿನಲ್ಲಿ ಅಷ್ಟೇ ಇದೆ. ನಾನು ನನಗೆ ಕೊಟ್ಟುಕೊಂಡ ವಿವರಣೆ ಹೀಗಿತ್ತು: ಆ ವಾರ ಮೇಡಂ ಎಮ್ಮೆಯ ಚಿತ್ರವನ್ನು ಎರಡು ಸಲ ಕಳಿಸಿದ್ದರು, ಎರಡನೆಯ ಸಲ ಅಂಚು ಸ್ವಲ್ಪ ಕತ್ತರಿಸಿ. ಹಾಗಾಗಿ ಅವರು ಕೇಳಿದ್ದು, ಎರಡೂ ಫೈಲಿನಲ್ಲಿರುವ ಎಮ್ಮೆ ಒಂದೇ ತಾನೆ, ಅದೇ ತಾನೆ ಎಂದು ನಾನು ತಿಳಿದೆ. ಸೆಟ್ಟಿಂಗಿನ ಸಂಖ್ಯೆ ಕೇಳುತ್ತಿದ್ದಾರೆ ಎಂದು ಹೊಳೆಯಲಿಲ್ಲ. ಮತ್ತೆ, ಹೂಂ ಎಂದರೆ ಹೌದು ಎಂದೇ ಆಗಬೇಕಿಲ್ಲ. ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ ಎಂದೂ ಆಗುತ್ತದೆ. ನಮ್ಮ ಮನೆಯಲ್ಲಿ ನಾನು ದಿನಕ್ಕೆ ನೂರು ಸಲ ಹಾಗೆ ಹೂಂಗುಟ್ಟುತ್ತೇನೆ, ಅದಕ್ಕೆ ಹೆಂಡತಿಯಿಂದ ಬೈಸಿಕೊಳ್ಳುತ್ತೇನೆ.

ಸಂಜೆ ನಾಲ್ಕೂವರೆಗೆ ಕೋಣೆಗೆ ಬಂದಾಗ ಮೇಜಿನ ಮೇಲೆ ಐದು ಹಾಳೆಗಳು ಒಣಗುತ್ತಿದ್ದವು. ಎಮ್ಮೆ, ಪೈಪಿನ ಬಾಯಿ, ಸೇತುವೆಯ ಕೆಳಗಿನ ಕತ್ತಲು, ಇನ್ನೆರಡು. ಎಲ್ಲವೂ ಸ್ಲೇಟಿನ ಬಣ್ಣ. ನೀರಿನ ಮೇಲೆ ಬೂದಿ ಚೆಲ್ಲಿದಂತೆ.

"ಒಣಗಿದ್ ಮೇಲೆ ಕಪ್ಪು ಕೂರುತ್ತೆ ಅಂದ್ಕೊಂಡೆ ಸಾರ್. ನನ್ ಮಸಿ ಹಂಗೇ, ಹಸಿ ಇದ್ದಾಗ ಏನೂ ಕಾಣಲ್ಲ. ನಿಮ್ದೂ ಹಂಗೇ ಏನೋ ಅಂತ ಒಂದರ ಹಿಂದೆ ಒಂದು ಹಾಕ್ತಾ ಹೋದೆ" ಎಂದರು. ಅವರ ದನಿ ಸಣ್ಣದಾಗಿತ್ತು.

ನಾನು ಯಂತ್ರದ ಪರದೆ ನೋಡಿದೆ. "ಒಂದು ಒತ್ತಿದೀರಲ್ಲ. ಎರಡು ಒತ್ತಬೇಕಿತ್ತು."

"ಒಂದು ಅಂತ..." ಎಂದು ನನ್ನ ಮುಖ ನೋಡಿದರು. ಹಾಳೆಗಳ ಕಡೆ ತಿರುಗಿ, "ನಂದೇ ತಪ್ಪು ಸಾರ್" ಎಂದರು.

ಅವರೇ ಮೇಡಂಗೆ ಫೋನು ಮಾಡಿ ಹೇಳಿದರು, ನನ್ನ ಎದುರಿಗೇ. ನನ್ನ ಹೆಸರು ಎತ್ತಲಿಲ್ಲ. ಮೇಡಂ ಬೈಯಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು ಸಾರ್ ಎಂದು ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದರು. ಮರುದಿನ ಬೆಳಿಗ್ಗೆ ನನಗೆ ಮೇಡಂ ಕರೆ ಬಂತು: "ಮೂರು ಹಾಳೆ ಕಡಿಮಿ ಬಿದ್ವು. ಯಾವ ಮೂರು ಚಿತ್ರ ಬಿಡಬೇಕು ಅಂತ ನೋಡ್ತೀನಿ. ಉಳಿದಿದ್ದೆಲ್ಲ ನೀವೇ ಮಾಡಿಬಿಡ್ರಿ."

ನನಗೆ ಬೇಕಾದದ್ದೆಲ್ಲ ಸಿಕ್ಕಿತ್ತು.

ಮೂರು ದಿನ ಎಮ್ಮೆಯ ಹಿಂದೆ ಬಿದ್ದೆ. ಒಳ್ಳೆಯ ಹಾಳೆಗಳನ್ನು ಮುಟ್ಟಲಿಲ್ಲ. ಬೇರೆ ಹತ್ತಿ ಕಾಗದದ ತುಂಡುಗಳ ಮೇಲೆ, ಮ್ಯಾಟ್ ಬ್ಲ್ಯಾಕಿನಲ್ಲಿಯೇ. ಕಪ್ಪು ಗಾಢವಾಗಿ ಬಂತು. ಮೀಟರಿನಲ್ಲಿ ಅಂಕಿಗಳೆಲ್ಲ ಸರಿ. ಬೂದುಗಳು ಟ್ಯೂಬ್‌ಲೈಟಿನಲ್ಲೂ ಬಿಸಿಲಿನಲ್ಲೂ ಒಂದೇ. ಆದರೆ ಎಮ್ಮೆ ಎಮ್ಮೆಯಾಗಿಯೇ ಉಳಿಯಿತು, ಕಪ್ಪು ಕಾಗದವನ್ನು ಕತ್ತರಿಸಿ ಅಂಟಿಸಿದ ಹಾಗೆ. ಎಮ್ಮೆಯ ಕಣ್ಣು ತೆಳು ಮಾಡಿದರೆ ನೀರೂ ತೆಳುವಾಗುತ್ತಿತ್ತು. ನೀರು ಗಾಢ ಮಾಡಿದರೆ ಬೆನ್ನು ಮುಳುಗಿಹೋಗುತ್ತಿತ್ತು.

ಎರಡನೆಯ ದಿನ ಊಟಕ್ಕೆ ಕೂತಾಗ ಹೆಂಡತಿ, "ಯಾರ್ ಜೊತೆ ಜಗಳ ಆಡ್ತಾ ಇದೀರಾ ಒಳಗೊಳಗೇ? ತುಟಿ ಅಲ್ಲಾಡ್ತಾ ಇದೆ" ಎಂದಳು.

"ಒಂದು ಎಮ್ಮೆ ಜೊತೆ."

"ಗೆದ್ದಿದ್ದು ಎಮ್ಮೆ ಅಂತ ಕಾಣುತ್ತೆ" ಎಂದು ಸಾರು ಬಡಿಸಿದಳು.

ಮೂರನೆಯ ದಿನ, ಹೊಂದಿಸಲೆಂದು ಮೊದಲೇ ಮಾಡಿದ್ದ ಎರಡು ಪಟ್ಟಿಗಳನ್ನು ತೆಗೆದೆ. ಬಿಳಿಯಿಂದ ಕಪ್ಪಿನವರೆಗೆ ಇಪ್ಪತ್ತೊಂದು ಮೆಟ್ಟಿಲುಗಳ ಪಟ್ಟಿ. ಒಂದು ನನ್ನ ಯಂತ್ರದ್ದು, ಒಂದು ಅವರದು. ಅಳತೆಯಲ್ಲಿ ಎರಡೂ ಹತ್ತಿರ ಹತ್ತಿರವೇ ಇದ್ದವು, ಅದಕ್ಕೇ ಆಗ ಅಷ್ಟಕ್ಕೇ ಬಿಟ್ಟಿದ್ದೆ. ಈ ಸಲ ಮೀಟರ್ ಬಿಟ್ಟು ಭೂತಗನ್ನಡಿ ಹಿಡಿದು ಚುಕ್ಕಿಗಳನ್ನು ನೋಡಿದೆ. ನನ್ನ ಪಟ್ಟಿಯಲ್ಲಿ ಹದಿಮೂರನೆಯ ಮೆಟ್ಟಿಲಿನಲ್ಲೇ ಪೂರ್ಣ ಕಪ್ಪಿನ ಚುಕ್ಕಿಗಳು ಶುರುವಾಗುತ್ತಿದ್ದವು. ಅವರ ಪಟ್ಟಿಯಲ್ಲಿ ಹದಿನೆಂಟರವರೆಗೂ ಮಸಿ ಬರುವುದೇ ಇಲ್ಲ. ಅಲ್ಲಿಯವರೆಗೂ ಬೂದಿಯ ಮೇಲೆ ಹೊಗೆ, ಹೊಗೆಯ ಮೇಲೆ ಇದ್ದಿಲು, ಒಂದರ ಮೇಲೊಂದು ಹಾಸಿಕೊಂಡೇ ಕತ್ತಲು ಕಟ್ಟಿದ್ದರು. ಮಸಿ ಕೊನೆಯ ಮೂರು ಮೆಟ್ಟಿಲಿಗೆ ಮಾತ್ರ. ಎಮ್ಮೆಯ ಬೆನ್ನಿಗೂ ನೀರಿಗೂ ಇರುವ ವ್ಯತ್ಯಾಸವೆಲ್ಲ ಹದಿನಾಲ್ಕರಿಂದ ಹದಿನೆಂಟರ ನಡುವೆ ಇತ್ತು. ಅಲ್ಲಿ ನನ್ನ ಯಂತ್ರ ಚುಕ್ಕಿ ಉದುರಿಸುತ್ತಿತ್ತು, ಅವರದು ತೊಯ್ಯಿಸುತ್ತಿತ್ತು.

ನನ್ನ ಯಂತ್ರದಲ್ಲಿ ಇದನ್ನು ಬದಲಿಸುವ ದಾರಿ ಇಲ್ಲ. ಯಾವ ಕಪ್ಪು ಎಲ್ಲಿ ಶುರುವಾಗಬೇಕು ಎಂಬುದನ್ನು ತಯಾರಿಸಿದವರೇ ಒಳಗೆ ಕಟ್ಟಿಟ್ಟಿದ್ದಾರೆ. ಹಾಗೆಂದು ಮೇಡಂಗೆ ಹೇಳಿ, ಇಷ್ಟೇ ಆಗುವುದು ಎಂದು ಒಪ್ಪಿಸಬಹುದಿತ್ತು. ಒಪ್ಪುತ್ತಿದ್ದರು ಕೂಡ, ಹೋಲಿಸಲು ಪ್ರದರ್ಶನದ ಗೋಡೆಯ ಮೇಲೆ ಬೇರೆ ಎಮ್ಮೆ ಇರುತ್ತಿರಲಿಲ್ಲ. ಭೂತಗನ್ನಡಿ ಕೆಳಗಿಡದೆ ಬಹಳ ಹೊತ್ತು ಕೂತಿದ್ದೆ. ಹದಿನೆಂಟರವರೆಗೆ ಮಸಿ ತಡೆದು ಹಿಡಿಯಬೇಕೆಂದು ಆ ಮನುಷ್ಯನಿಗೆ ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ಕತ್ತಲು ಮೆಲ್ಲಗೆ ಕಟ್ಟುವುದನ್ನು ನೋಡಿ ನೋಡಿ ಕಣ್ಣಿಗೆ ಬಂದದ್ದು. ಅದು ನನಗೆ ಬರುವುದಿಲ್ಲ, ಬರುವ ವಯಸ್ಸೂ ದಾಟಿದೆ. ಇದು ಗೊತ್ತಾದಮೇಲೆ ಹೊಟ್ಟೆಕಿಚ್ಚು ಕಡಿಮೆಯಾಯಿತು ಎಂದು ಬರೆಯಲು ಇಷ್ಟ. ಆಗಲಿಲ್ಲ, ಜಾಸ್ತಿಯಾಯಿತು. ಆದರೆ ಅವರ ಎಮ್ಮೆ ಆ ಗೋಡೆಯ ಮೇಲೆ ಇಲ್ಲದಿದ್ದರೆ ನಾನು ಯಾರ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಎಂಬುದಕ್ಕೇ ಪುರಾವೆ ಉಳಿಯುತ್ತಿರಲಿಲ್ಲ.

ಐದು ಲೀಟರ್ ಡಿಸ್ಟಿಲ್ಡ್ ವಾಟರ್, ಸಿರಿಂಜು, ನೀರಿನಲ್ಲಿ ಎಷ್ಟು ಲವಣ ಕರಗಿದೆ ಎಂದು ನೋಡುವ ಪೆನ್ನಿನಂಥ ಟಿಡಿಎಸ್ ಮೀಟರ್, ಹಾಳಾದ ಐದು ಹಾಳೆ ಮತ್ತು ಉಳಿದ ಕಾಗದ ಸ್ಕೂಟರಿಗೆ ಕಟ್ಟಿಕೊಂಡು ಮಾರೇನಹಳ್ಳಿಗೆ ಹೋದೆ.

ಅವರು ಬಾಗಿಲಲ್ಲಿ ನಿಂತು ನನ್ನ ಕ್ಯಾನು ನೋಡಿದರು. "ಏನ್ ಸಾರ್, ಟ್ಯಾಂಕರ್ ಬಂದಂಗ್ ಬಂದಿದೀರಾ?"

ಅವರ ಮನೆಯ ಫಿಲ್ಟರ್ ನೀರಿನಲ್ಲಿ ಪೆನ್ನು ಅದ್ದಿದೆ. ಎಪ್ಪತ್ತರ ಮೇಲೆ ಬಂತು. ನಾನು ತಂದ ನೀರಿನಲ್ಲಿ ಅದ್ದಿದೆ; ಸೊನ್ನೆ. ಬಾಟಲಿಯ ತಳ ತೋರಿಸಿ, ಹೆಡ್ ಹೋಗಿಲ್ಲ, ನೀರಿನಿಂದ ಶಾಯಿ ಒಡೆದಿದೆ, ಹಾಲು ಒಡೆದ ಹಾಗೆ ಎಂದೆ.

ಅವರು ಪೆನ್ನನ್ನು ಎರಡು ಲೋಟಕ್ಕೂ ಮತ್ತೊಮ್ಮೆ ತಾವೇ ಅದ್ದಿ ನೋಡಿದರು. "ಆವತ್ತು ಬಾಟ್ಲಿ ಎತ್ತಿ ನೋಡಿದ್ರಲ್ಲ ಸಾರ್. ಆವತ್ತೇ ಗೊತ್ತಾಗಿತ್ತಾ ನಿಮ್ಗೆ?"

"ಗೊತ್ತಾಗಿತ್ತು."

"ಮತ್ತೆ ಯಾಕ್ ಹೇಳ್ಲಿಲ್ಲ?"

"ಹೊಟ್ಟೆಕಿಚ್ಚು" ಎಂದೆ. ಆ ಪದವನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಲ್ಲಿಯೇ.

ಅವರು ನನ್ನನ್ನು ನೋಡಿದರು, ಆಮೇಲೆ ಲೋಟ ನೋಡಿದರು. "ನಂಗೂ ಇದೆ ಸಾರ್. ನಿಮ್ ಮೀಟರ್ ಮೇಲೆ. ಆವತ್ತು ಕೈಗೆ ತಗೊಂಡಾಗ ವಾಪಸ್ ಕೊಡೋಕೇ ಮನಸ್ಸಿರ್ಲಿಲ್ಲ." ಪೆನ್ನು ನನ್ನ ಕೈಗೆ ಕೊಡುತ್ತ, "ಆದ್ರೂ ಹೇಳ್ಬೇಕಿತ್ತು ಸಾರ್ ನೀವು" ಎಂದರು. ನಗುತ್ತ ಹೇಳಲಿಲ್ಲ.

ಫೋನಿನ ವಿಷಯವನ್ನೂ ತೆಗೆದೆ. ನೀವು ಕೇಳಿದಾಗ ನಾನು ಹೂಂ ಎಂದೆ, ಸರಿಯಾಗಿ ಗಮನ ಕೊಡಲಿಲ್ಲ ಎಂದೆ.

"ಅಯ್ಯೋ ಅದು ಬಿಡಿ ಸಾರ್. ನಾನು ಕೇಳಿದ್ದೇ ಹಂಗಿತ್ತು. ಒಂದು ಅಂದ್ರೆ ನಂಬರ್ರು. ಒಂದೇ ಅಂದ್ರೆ ನಂಬರ್ರೂ ಆಗುತ್ತೆ, ಎರಡೂ ಅದೇನೇ ಅಂತ್ಲೂ ಆಗುತ್ತೆ. ಮೇಡಂ ಬೇರೆ ಎರಡೆರಡ್ ಸಲ ಕಳ್ಸಿದ್ರಲ್ಲ ಎಮ್ಮೇನ. ನೀವು ಹಂಗೆ ಅಂದ್ಕೊಂಡಿರ್ತೀರಾ."

ನಾನು ಮೇಲೆ ಬರೆದ ವಿವರಣೆ ಇದೇ. ಅದು ಬಾಲ್ಕನಿಯಲ್ಲಿ ನಿಂತಾಗಲೇ ನನ್ನ ತಲೆಯಲ್ಲಿತ್ತೋ, ಮಾರೇನಹಳ್ಳಿಯ ಆ ಕೋಣೆಯಲ್ಲಿ ಅವರು ನನಗೆ ಕೊಟ್ಟಿದ್ದೋ? ಬಿಸಿಲಿನಂತೆ ಇದನ್ನೂ ನಾನು ಆಮೇಲೆ ಸೇರಿಸಿಕೊಂಡಿರಬಹುದು. ಆಗ ಮಾತ್ರ, "ಹೌದು, ಹಾಗೇ ಅಂದುಕೊಂಡೆ" ಎಂದೆ.

ಎರಡು ದಿನ ಹಗಲು ಪೂರ್ತಿ ಕೆಲಸ ಮಾಡಿದೆವು. ಮೂತಿಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಸಿರಿಂಜಿನಿಂದ ಮೆಲ್ಲಗೆ ತಳ್ಳಿ, ಬಿಳಿ ಬಟ್ಟೆಯ ಮೇಲೆ ಆರೂ ಗೆರೆಗಳು ಕಡಿಯದೆ ಬೀಳುವವರೆಗೆ ತೊಳೆದೆವು. ಒಡೆದ ಶಾಯಿ ಚೆಲ್ಲಿ ಅವರು ಹೊಸದಾಗಿ ಬೆರೆಸಿದರು. ನಾನು ಅಳೆದೆ, ಅವರು ನೋಡಿದರು. ನನ್ನ ಅಂಕಿ ಸರಿ ಎಂದಾಗ ಅವರು ಎರಡು ಸಲ ಇಲ್ಲ ಎಂದರು. ಎರಡು ಸಲವೂ ಅವರದೇ ಸರಿಯಿತ್ತು. ಒಂದು ಸಲ ಅವರು ಸರಿ ಎಂದಾಗ ನಾನು ಇಲ್ಲ ಎಂದೆ. ಮಂಜಿನಲ್ಲಿ ನೀರು ಹೆಚ್ಚಾಗಿತ್ತು, ಅವರು ಒಪ್ಪಿದರು. ಆ ಒಂದು ಸಲವನ್ನು ಇಲ್ಲಿ ದಾಖಲಿಸದೆ ಇರಲಾರೆ.

ಮೂರು ಹಾಳೆಯ ಕೊರತೆಗೆ ದಾರಿ ಕಂಡದ್ದು ಅವರಿಗೆ. ಹಾಳಾದ ಎಮ್ಮೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ, ಹಿಂಬದಿಯನ್ನು ಹೆಬ್ಬೆರಳಿನಿಂದ ಸವರಿ, "ಸಾರ್, ಎರಡೂ ಕಡೆ ಲೇಪ ಇದೆ ಅಲ್ವಾ ಇದ್ಕೆ?" ಎಂದರು. ಅದೇ ಕಾಗದವನ್ನು ಎರಡು ವಾರದಿಂದ ಇಟ್ಟುಕೊಂಡಿದ್ದವನು ನಾನು. ಐದು ಹಾಳೆಯ ಬೆನ್ನಿಗೂ ಅವವೇ ಚಿತ್ರಗಳನ್ನು ಹೊಡೆದರು. ಎಮ್ಮೆ ಮೊದಲು ಬಂತು. ಹಸಿಯಿದ್ದಾಗ ಏನೂ ಕಾಣಲಿಲ್ಲ. ಹಣ್ಣಿನ ಅಂಗಡಿಗೆ ಹೋಗಿ ಮೋಸಂಬಿ ಜ್ಯೂಸ್ ಕುಡಿದು ಬಂದೆವು. ಬಂದು ನೋಡಿದರೆ ಎಮ್ಮೆಯ ಬೆನ್ನ ಮೇಲೆ ನೀರು ಕೂತಿತ್ತು.

ಮೇಡಂಗೆ ಇಬ್ಬರೂ ಹೋಗಿ ತೋರಿಸಿದೆವು. ನಾನು ನೀರಿನ ವಿಷಯ ಹೇಳಿದೆ, ಹೂಂ ಎಂದದ್ದನ್ನೂ ಹೇಳಿದೆ, ಒಂದೇ ಎಂಬ ಪದದ ಎರಡು ಅರ್ಥದ ಜೊತೆಗೆ. ಚೆನ್ನಾಗಿಯೇ ಹೇಳಿದೆ. ಮೇಡಂ ಕೇಳಿಸಿಕೊಂಡು, "ಸೈಂಟಿಸ್ಟ್ರು ತಪ್ಪು ಒಪ್ಕೊಂಡ್ರೂ ಅದಕ್ಕೊಂದು ವ್ಯಾಕರಣ ಇಟ್ಕೊಂಡಿರ್ತೀರಿ" ಎಂದರು. ಮಾರೇನಹಳ್ಳಿಯವರು, "ಬಿಡಿ ಮೇಡಂ, ಒಪ್ಕೊಳ್ಳೋರೇ ಎಲ್ಲಿದಾರೆ" ಎಂದು ನನ್ನ ಪರ ನಿಂತರು. ಆ ಸಂಜೆ ನನ್ನ ಪ್ರಾಮಾಣಿಕತೆಯ ಬಗ್ಗೆ ನನಗೇ ಮೆಚ್ಚುಗೆಯಿತ್ತು.

ಪ್ರದರ್ಶನ ರಾಜಾಜಿನಗರದ ಒಂದು ಸಣ್ಣ ಸಭಾಂಗಣದಲ್ಲಿ ನಡೆಯಿತು. ಮೂವತ್ತೂ ಚಿತ್ರ ಗೋಡೆಗೇರಿದವು. ಹದಿನೇಳು ನನ್ನವು, ಹದಿಮೂರು ಅವರವು. ಜನ ನನ್ನ ನೊರೆಯ ಮುಂದೆ ನಡೆದುಕೊಂಡು ಹೋಗಿ ಎಮ್ಮೆಯ ಮುಂದೆ ನಿಲ್ಲುತ್ತಿದ್ದರು. ಒಬ್ಬ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಲೆಕ್ಕ ಹಾಕುತ್ತಿದ್ದೆ, ಎಷ್ಟು ಜನ ಎಷ್ಟು ಹೊತ್ತು ನಿಂತರು ಎಂದು. ಆ ಚೌಕಟ್ಟಿನ ಒಳಗೆ, ಎಮ್ಮೆಯ ಬೆನ್ನಿಗೆ ಬೆನ್ನು ಕೊಟ್ಟು, ಗೋಡೆಗೆ ಮುಖ ಮಾಡಿಕೊಂಡು ಸ್ಲೇಟಿನ ಬಣ್ಣದ ಇನ್ನೊಂದು ಎಮ್ಮೆ ನಿಂತಿರುವುದು ಮೂವರಿಗೆ ಮಾತ್ರ ಗೊತ್ತಿತ್ತು.

ಕೆಲವು ತಿಂಗಳ ನಂತರ ಇದನ್ನು ಬರೆಯಲು ಕೂತೆ. ಆ ಕಾಲದಲ್ಲಿ ನಾನು ಬಳಸುತ್ತಿದ್ದ ಹಳೆಯ ಫೋನು ಬಂದ ಕರೆಗಳನ್ನೆಲ್ಲ ತಾನಾಗಿಯೇ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಇದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಫೋನು ಮೇಜಿನ ಖಾನೆಯಲ್ಲಿಯೇ ಇತ್ತು. ಚಾರ್ಜರ್ ಸಿಗುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಚಾರ್ಜರ್ ಅದೇ ಖಾನೆಯಲ್ಲಿತ್ತು. ಆ ದಿನದ ಕರೆ ಸಿಕ್ಕಿತು, ಹದಿನೈದು ಸೆಕೆಂಡಿನದು. ಹಿನ್ನೆಲೆಯಲ್ಲಿ ನನ್ನ ಯಂತ್ರ ಗುಂಯ್ ಎನ್ನುತ್ತಿದೆ. ಪೇಪರ್ ಹಾಕಿದ್ದೇನೆ ಎನ್ನುತ್ತಾರೆ. ಎಮ್ಮೆ ಒಂದೇ ಅಲ್ವಾ ಸಾರ್ ಎಂದು ಕೇಳುತ್ತಾರೆ. ಪ್ರಶ್ನೆ ನನ್ನ ನೆನಪಿನಲ್ಲಿ ಇದ್ದಂತೆಯೇ ಇದೆ, ಒಂದಕ್ಷರ ವ್ಯತ್ಯಾಸವಿಲ್ಲ. ಆಮೇಲೆ ಸ್ವಲ್ಪ ಮೌನ. ಮೂರು ಸಲ ಕೇಳಿ, ನಾಲ್ಕನೆಯ ಸಲ ಕೇಳುತ್ತಿರುವಾಗಲೇ ಬರೆದಿಟ್ಟುಕೊಂಡೆ. ನನ್ನ ಉತ್ತರ ಹೂಂ ಅಷ್ಟೇ ಅಲ್ಲ.

"ಹೂಂ. ಒಂದು."